ಚಿಪ್ ಮೇಲೊಂದು ಮಹಡಿ: ರೈಜೆನ್ 7 5800ಎಕ್ಸ್3ಡಿ ಜೊತೆ ಬಹಳ ಕಾಲ ಕೆಲಸ ಮಾಡಿದ ಮೇಲೆ

ಬೇಸ್ ಕ್ಲಾಕ್ 3.4 ಗಿಗಾಹರ್ಟ್ಸ್. ಸ್ಪೆಕ್ ಪಟ್ಟಿಯಲ್ಲಿ ಈ ಅಂಕಿ ನೋಡಿ ಆಫೀಸಿನ ಗೆಳೆಯರೊಬ್ಬರು ನಕ್ಕೇಬಿಟ್ಟರು. "ಅಲ್ರೀ, ಇದು ಪೆಂಟಿಯಂ 4 ಕಾಲದ ಸ್ಪೀಡ್ ಅಲ್ವಾ? ಇದಕ್ಕೆ ದುಡ್ಡು ಕೊಟ್ರಾ?"

ಅವರ ಮಾತು ಸುಳ್ಳೇನಲ್ಲ. 2004ರಲ್ಲೇ 3.4 ಗಿಗಾಹರ್ಟ್ಸ್‌ನ ಪೆಂಟಿಯಂ 4 ಸಿಗುತ್ತಿತ್ತು. ಅದೇ ವರ್ಷದ ಕೊನೆಗೆ ಇಂಟೆಲ್ 3.8ರ ತನಕ ಹೋಗಿ ಅಲ್ಲೇ ನಿಂತಿತು. ಅದಾಗಿ 18 ವರ್ಷಕ್ಕೆ, 2022ರ ಏಪ್ರಿಲ್‌ನಲ್ಲಿ, ಎಎಂಡಿ ಕಂಪನಿಯ ಈ ರೈಜೆನ್ 7 5800ಎಕ್ಸ್3ಡಿ ಪ್ರೊಸೆಸರ್ ಬಂತು. ಬೇಸ್, ಅಂದರೆ ಮಾಮೂಲಿ ವೇಗ, 3.4; ಬೂಸ್ಟ್, ಅಂದರೆ ಬೇಕಾದಾಗ ಏರುವ ಗರಿಷ್ಠ ವೇಗ, 4.5. ಇದರ ಅಣ್ಣ 5800ಎಕ್ಸ್ ಇದಕ್ಕೂ ಮುಂಚೆ, 2020ರಲ್ಲೇ ಬಂದಿತ್ತು. ಅದರದ್ದು 3.8 ಮತ್ತು 4.7. ಅಂದರೆ ತಮ್ಮ ಅಣ್ಣನಿಗಿಂತ ನಿಧಾನ. ಸಾಲದ್ದಕ್ಕೆ ಓವರ್‌ಕ್ಲಾಕ್ ಮಾಡುವುದಕ್ಕೂ, ಅಂದರೆ ಕ್ಲಾಕ್ ಅನ್ನು ನಾವೇ ಮಿತಿ ಮೀರಿ ಏರಿಸುವುದಕ್ಕೂ, ಬೀಗ ಹಾಕಿಬಿಟ್ಟಿದ್ದಾರೆ. ಕೋರ್ ಅಷ್ಟೇ, 8. ಥ್ರೆಡ್ ಅಷ್ಟೇ, 16. ಟಿಡಿಪಿ, ಅಂದರೆ ಕೂಲರ್ ಹೊರಹಾಕಬೇಕಾದ ಬಿಸಿಯ ಅಳತೆ, ಕೂಡ ಅದೇ 105 ವ್ಯಾಟ್.

ಒಳ್ಳೆಯದಕ್ಕೆ ಬದಲಾಗಿದ್ದು ಒಂದೇ ಒಂದು. ಕ್ಯಾಶ್ ಅಂದರೆ ರಾಮ್‌ಗೆ ಹೋಗದೆ ಕೈಗೆ ಸಿಗಲೆಂದು ಪ್ರೊಸೆಸರ್ ಒಳಗೇ ಇಡುವ ಸಣ್ಣ, ವೇಗದ ಮೆಮೊರಿ. ಎಲ್1, ಎಲ್2, ಎಲ್3 ಅಂತ ಮೂರು ಹಂತ; ಎಲ್1 ಕೋರ್‌ಗೆ ತೀರಾ ಹತ್ತಿರ ಮತ್ತು ಚಿಕ್ಕದು, ಎಲ್3 ಎಲ್ಲಕ್ಕಿಂತ ದೊಡ್ಡದು. ಎಲ್3 ಕ್ಯಾಶ್ 32 ಎಂಬಿ ಇದ್ದದ್ದು 96 ಎಂಬಿ ಆಗಿದೆ. ಆ ಹೆಚ್ಚಿನ 64 ಎಂಬಿಗೆ ಪಕ್ಕದಲ್ಲಿ ಜಾಗ ಮಾಡಿಲ್ಲ. ಇದ್ದ ಚಿಪ್ ಮೇಲೆ ಇನ್ನೊಂದು ಚಿಪ್ ಕೂರಿಸಿ ಮಹಡಿ ಎಬ್ಬಿಸಿದ್ದಾರೆ. ಈ ವಿಮರ್ಶೆ ಆ ಮಹಡಿಯ ಬಗ್ಗೆ.

ನನ್ನ ಕೆಲಸ ಚಿಪ್ ವೆರಿಫಿಕೇಶನ್. ಚಿಪ್ ಫ್ಯಾಬ್‌ಗೆ, ಅಂದರೆ ತಯಾರಿಸುವ ಕಾರ್ಖಾನೆಗೆ, ಹೋಗುವ ಮೊದಲೇ ಡಿಸೈನ್‌ನಲ್ಲಿರುವ ಹುಳುಕು ಹುಡುಕಿ ತೆಗೆಯುವ ಕೆಲಸ. ಆಫೀಸಿನಲ್ಲಿ ಅದಕ್ಕೆ ದೊಡ್ಡ ಸರ್ವರ್‌ಗಳಿವೆ, ಅದು ಬೇರೆ ವಿಷಯ. ಮನೆಯಲ್ಲಿ ಹವ್ಯಾಸಕ್ಕೆ ಓಪನ್ ಸೋರ್ಸ್ ರಿಸ್ಕ್-ಫೈವ್ ಕೋರ್‌ಗಳನ್ನು (ಯಾರು ಬೇಕಾದರೂ ಬಳಸಬಹುದಾದ ಪ್ರೊಸೆಸರ್ ಡಿಸೈನ್‌ಗಳನ್ನು) ತಂದು, ಅಲ್ಲಿಷ್ಟು ಇಲ್ಲಿಷ್ಟು ಬದಲಾಯಿಸಿ, ಸಿಮ್ಯುಲೇಟ್ ಮಾಡುತ್ತಿರುತ್ತೇನೆ. ಬಳಸುವ ಟೂಲ್ ವೆರಿಲೇಟರ್. ಚಿಪ್ ಡಿಸೈನ್ ಬರೆಯುವ ಭಾಷೆಯಾದ ವೆರಿಲಾಗ್‌ನಲ್ಲಿ ಬರೆದ ಡಿಸೈನ್ ಕೊಟ್ಟರೆ ಅದು ಎಲ್ಲವನ್ನೂ ಸಿ++ ಕೋಡ್ ಆಗಿ ಮಾರ್ಪಡಿಸುತ್ತದೆ. ಅದನ್ನು ಕಂಪೈಲ್ ಮಾಡಿ ಓಡಿಸಿದರೆ, ಕಾಗದದ ಮೇಲಿನ ಪ್ರೊಸೆಸರ್ ನಮ್ಮ ಪ್ರೊಸೆಸರ್ ಒಳಗೆ ಓಡತೊಡಗುತ್ತದೆ. ನಿಧಾನವಾಗಿ. ತುಂಬಾ ನಿಧಾನವಾಗಿ. ಆ ಕೋರ್ ಮೇಲೆ ಲಿನಕ್ಸ್ ಬೂಟ್ ಆಗಬೇಕೆಂದರೆ ಕೋಟಿಗಟ್ಟಲೆ ಕ್ಲಾಕ್ ಸೈಕಲ್ ಸಿಮ್ಯುಲೇಟ್ ಆಗಬೇಕು. ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ನೋಡುವ ಬಾಬತ್ತು.

ಇದಕ್ಕೂ ಮೊದಲು ನನ್ನ ಹತ್ತಿರ ಇದ್ದದ್ದು ರೈಜೆನ್ 7 3700ಎಕ್ಸ್. 2019ರ ಚಿಪ್, ಅದರಲ್ಲೂ 8 ಕೋರ್, ಬೂಸ್ಟ್ 4.4. ಒಳ್ಳೆಯ ಚಿಪ್, ದೂರು ಏನೂ ಇರಲಿಲ್ಲ. ಆದರೆ ಒಂದು ವಿಚಿತ್ರ ಗಮನಿಸಿದ್ದೆ. ಪೈಕೊಆರ್‌ವಿ32ನಂಥ ಪುಟ್ಟ ಕೋರ್ ಓಡಿಸಿದರೆ ಜುಂಯ್ ಅಂತ ಓಡುತ್ತಿತ್ತು. ಬರ್ಕ್ಲಿಯವರ ಬೂಮ್ ಥರದ ದೊಡ್ಡ ಔಟ್-ಆಫ್-ಆರ್ಡರ್ (ಇನ್‌ಸ್ಟ್ರಕ್ಷನ್‌ಗಳನ್ನು ಸರದಿ ಬಿಟ್ಟು ಓಡಿಸಬಲ್ಲ) ಕೋರ್ ಹಾಕಿದರೆ, ಡಿಸೈನ್ ಎಷ್ಟು ಪಟ್ಟು ದೊಡ್ಡದೋ ಅದಕ್ಕಿಂತ ಜಾಸ್ತಿ ಪಟ್ಟು ನಿಧಾನವಾಗುತ್ತಿತ್ತು. ಲೆಕ್ಕ ತಾಳೆಯಾಗುತ್ತಿರಲಿಲ್ಲ.

ಲಿನಕ್ಸ್‌ನಲ್ಲಿ ಪರ್ಫ್ ಅಂತ ಟೂಲ್ ಇದೆ. ಪ್ರೊಸೆಸರ್ ಒಳಗಿನ ಕೌಂಟರ್‌ಗಳನ್ನು ಓದಿ ತೋರಿಸುತ್ತದೆ. ಅದನ್ನು ಹಾಕಿ ನೋಡಿದರೆ ಕಾರಣ ಕಣ್ಣಿಗೆ ಹೊಡೆಯುವ ಹಾಗಿತ್ತು. ದೊಡ್ಡ ಡಿಸೈನ್ ಓಡುವಾಗ ಒಂದು ಕ್ಲಾಕ್‌ಗೆ ಸರಾಸರಿ ಒಂದು ಇನ್‌ಸ್ಟ್ರಕ್ಷನ್ ಕೂಡ ಮುಗಿಯುತ್ತಿರಲಿಲ್ಲ. ಒಟ್ಟಿಗೆ ನಾಲ್ಕಾರು ಇನ್‌ಸ್ಟ್ರಕ್ಷನ್ ನುಂಗಬಲ್ಲ ಕೋರ್ ಸುಮ್ನೆ ಬಾಯಿ ತೆರೆದುಕೊಂಡು ಕೂತಿತ್ತು. ಏನು ಕಾಯುತ್ತಿತ್ತು? ಡೇಟಾ ಅಲ್ಲ. ಮುಂದಿನ ಇನ್‌ಸ್ಟ್ರಕ್ಷನ್ನೇ ಬಂದಿರಲಿಲ್ಲ!

ಇದು ವೆರಿಲೇಟರ್‌ನ ಸ್ವಭಾವ. ಸಾಮಾನ್ಯ ಪ್ರೋಗ್ರಾಂಗಳಲ್ಲಿ ಒಂದು ಸಣ್ಣ ಲೂಪ್ ಲಕ್ಷಾಂತರ ಸಲ ಸುತ್ತುತ್ತದೆ. ಆ ಲೂಪ್‌ನ ಕೋಡ್ ಎಲ್1 ಕ್ಯಾಶ್‌ನಲ್ಲೇ ಬೆಚ್ಚಗೆ ಕೂತಿರುತ್ತದೆ. ವೆರಿಲೇಟರ್ ಬರೆಯುವ ಕೋಡ್ ಹಾಗಲ್ಲ. ಅದು ಉದ್ದಕ್ಕೆ ಹಾಸಿದ ಪಟ್ಟಿ. ಸಿಮ್ಯುಲೇಶನ್‌ನ ಒಂದೊಂದು ಕ್ಲಾಕ್‌ಗೂ ಆ ಪಟ್ಟಿಯ ತುದಿಯಿಂದ ತುದಿಗೆ ಒಂದು ಸಲ ನಡೆಯಬೇಕು. ಮುಂದಿನ ಕ್ಲಾಕ್‌ಗೆ ಮತ್ತೆ ಮೊದಲಿನಿಂದ. ದೊಡ್ಡ ಡಿಸೈನ್ ಆದರೆ ಈ ಕೋಡೇ ಹತ್ತಾರು ಎಂಬಿ ಆಗುತ್ತದೆ. ಕ್ಯಾಶ್‌ಗಿಂತ ಪಟ್ಟಿ ಸ್ವಲ್ಪವೇ ಉದ್ದವಾದರೂ ಗ್ರಹಚಾರ ನೋಡಿ: ಕೊನೆಯ ಭಾಗ ಒಳಗೆ ಬರುವಾಗ ಮೊದಲ ಭಾಗವನ್ನು ಹೊರಗೆ ತಳ್ಳುತ್ತದೆ. ತಿರುಗಿ ಮೊದಲಿಗೆ ಬಂದರೆ ಅದು ಅಲ್ಲಿಲ್ಲ. ಅದನ್ನು ತರಲು ಹೋದರೆ ಮುಂದೆ ಬೇಕಾದದ್ದು ಹೊರಗೆ ಬೀಳುತ್ತದೆ. ಹೀಗೆ ಕ್ಯಾಶ್ ಇದ್ದೂ ಇಲ್ಲದ ಹಾಗೆ.

3700ಎಕ್ಸ್‌ನಲ್ಲಿ ಎಲ್3 ಒಟ್ಟು 32 ಎಂಬಿ ಅಂತ ಬರೆದಿದ್ದರೂ ಅದು 16ರ ಎರಡು ತುಂಡು. ನಾಲ್ಕು ಕೋರ್‌ಗೆ ಒಂದು ತುಂಡು. ಒಂದು ಕೋರ್‌ಗೆ ನಿಜವಾಗಿ ಸಿಗುತ್ತಿದ್ದದ್ದು 16 ಮಾತ್ರ. 5800ಎಕ್ಸ್3ಡಿಯಲ್ಲಿ ಎಂಟೂ ಕೋರ್‌ಗಳಿಗೆ 96 ಎಂಬಿಯೂ ಒಂದೇ ಹರವಿನಲ್ಲಿ ಸಿಗುತ್ತದೆ. 16ರಿಂದ 96. ನಾನು ಬದಲಾಯಿಸಿದ್ದು ಈ ಲೆಕ್ಕ ನೋಡಿ.

ಫಲ? ಸಣ್ಣ ಕೋರ್‌ಗಳಲ್ಲಿ ಅಂಥ ವ್ಯತ್ಯಾಸ ಇಲ್ಲ. ಸ್ವಲ್ಪ ಚುರುಕಾಯಿತು, ಅದು ಈ ಚಿಪ್‌ನಲ್ಲಿರುವ ಹೊಸ ಪೀಳಿಗೆಯ ಝೆನ್ 3 ಕೋರ್‌ನ ಪುಣ್ಯ. ದೊಡ್ಡ ಕೋರ್‌ಗಳಲ್ಲಿ ಮಾತ್ರ ಬೇರೆ ಮೆಷಿನ್ ಮುಂದೆ ಕೂತ ಹಾಗಾಯಿತು. ರಾತ್ರಿ ಹಚ್ಚಿಡುತ್ತಿದ್ದ ರನ್ ಈಗ ಸಂಜೆ ಹಚ್ಚಿ ಮಲಗುವ ಮೊದಲೇ ನೋಡಬಹುದು. ಬೋರ್ಡ್ ಅದೇ, ರಾಮ್ ಅದೇ, ಡಿಸ್ಕ್ ಅದೇ. ಬೂಸ್ಟ್ ಕ್ಲಾಕ್ 4.4 ಇದ್ದದ್ದು 4.5, ಅದು ಲೆಕ್ಕಕ್ಕೇ ಇಲ್ಲ. ಪರ್ಫ್ ಮತ್ತೆ ಹಾಕಿ ನೋಡಿದೆ. ರಾಮ್ ತನಕ ಹೋಗುತ್ತಿದ್ದ ದಂಡಿ ದಂಡಿ ಕೋರಿಕೆಗಳು ಬಹುಪಾಲು ಮಾಯ. ನಿಜ ಹೇಳಬೇಕೆಂದರೆ ಈ ಲಾಭದಲ್ಲಿ ಒಂದು ಪಾಲು ಝೆನ್ 3ರದ್ದು. ಹಿಂದಿನ ಪೀಳಿಗೆಗಿಂತ ಒಂದು ಕ್ಲಾಕ್‌ಗೆ 19 ಶೇಕಡಾ ಜಾಸ್ತಿ ಕೆಲಸ ಅಂತ ಎಎಂಡಿ ಹೇಳಿತ್ತು. ಅದನ್ನು ಕಳೆದರೂ ಉಳಿದದ್ದು ದೊಡ್ಡದೇ. ಎಎಂಡಿಯೇ ತನ್ನ ಮಿಲಾನ್-ಎಕ್ಸ್ ಸರ್ವರ್ ಚಿಪ್‌ಗಳನ್ನು ತೋರಿಸುವಾಗ ಉದಾಹರಣೆಗೆ ತೆಗೆದುಕೊಂಡದ್ದು ಆರ್‌ಟಿಎಲ್ ಸಿಮ್ಯುಲೇಶನ್ನನ್ನೇ, ಅಂದರೆ ನಾನು ಮಾಡುವಂಥ ಡಿಸೈನ್ ಸಿಮ್ಯುಲೇಶನ್ನನ್ನೇ. ಅಲ್ಲಿ ಕೋರ್‌ಗಳಿರುವ ಎಂಟು ಸಿಲಿಕಾನ್ ತುಂಡುಗಳಿದ್ದು, ಇದೇ ಮಹಡಿ ಎಂಟರ ಮೇಲೂ ಇದೆ, ಒಟ್ಟು ಎಲ್3 768 ಎಂಬಿ.

ಇಷ್ಟು ಲಾಭ ಯಾಕೆ ಅಂತ ಅಂದಾಜು ಬೇಕಾದರೆ ದೂರದ ಲೆಕ್ಕ ನೋಡಿ. ಝೆನ್ 3ರಲ್ಲಿ ಎಲ್1ನಿಂದ ಒಂದು ಚೂರು ಡೇಟಾ ಬರಲು 4 ಕ್ಲಾಕ್. ಎಲ್2ನಿಂದ 12. ಎಲ್3ಯಿಂದ 46. ಮಹಡಿ ಇದ್ದರೆ ಇನ್ನೊಂದು 4 ಕ್ಲಾಕ್ ಸೇರಿಕೊಳ್ಳುತ್ತದೆ. ಅಲ್ಲಿಯೂ ಸಿಗಲಿಲ್ಲ ಅಂದರೆ ರಾಮ್‌ಗೆ ಹೋಗಬೇಕು. ಅದು 70–80 ನ್ಯಾನೊಸೆಕೆಂಡ್. ಕೇಳುವುದಕ್ಕೆ ಏನೂ ಅಲ್ಲ. ಆದರೆ 4.5 ಗಿಗಾಹರ್ಟ್ಸ್‌ನಲ್ಲಿ ಅದು 300ಕ್ಕೂ ಜಾಸ್ತಿ ಕ್ಲಾಕ್. ಒಂದು ಕ್ಲಾಕ್ ಅವಧಿಯಲ್ಲಿ ಬೆಳಕೇ ಸುಮಾರು 6.7 ಸೆಂಟಿಮೀಟರ್ ಹೋಗುತ್ತದೆ, ಅಷ್ಟೇ. ತಾಮ್ರದ ಗೆರೆಯಲ್ಲಿ ಹೋಗುವ ಸಿಗ್ನಲ್ ಅದಕ್ಕಿಂತ ಕಮ್ಮಿ. ರಾಮ್ ಸ್ಟಿಕ್ ಪ್ರೊಸೆಸರ್‌ನಿಂದ ಎಷ್ಟು ದೂರ ಇದೆ ಅಂತ ಒಮ್ಮೆ ಕ್ಯಾಬಿನೆಟ್ ತೆಗೆದು ನೋಡಿ, ಗೊತ್ತಾಗುತ್ತದೆ.

ಕಂಪ್ಯೂಟರ್ ವಿಜ್ಞಾನಿಗಳಾದ ವಿಲಿಯಂ ವುಲ್ಫ್ ಮತ್ತು ಸ್ಯಾಲಿ ಮೆಕೀ 1995ರಲ್ಲೇ ಇದನ್ನು ಮೆಮೊರಿ ಗೋಡೆ ಅಂತ ಕರೆದು ಎಚ್ಚರಿಸಿದ್ದರು. ಪ್ರೊಸೆಸರ್ ಒಂದು ವೇಗದಲ್ಲಿ ಓಡುತ್ತಿದೆ, ಮೆಮೊರಿ ಇನ್ನೊಂದು ವೇಗದಲ್ಲಿ ತೆವಳುತ್ತಿದೆ, ಒಂದಿನ ಡಿಕ್ಕಿ ಹೊಡೆಯುತ್ತೀರಿ ಅಂತ. ಕಾಯುವುದಷ್ಟೇ ಅಲ್ಲ, ಕರೆಂಟ್ ಕೂಡ ಅಲ್ಲೇ ಸುರಿಯುತ್ತದೆ. ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಪಟ್ಟಿ ನಮ್ಮ ಕೆಲಸದವರ ಬಾಯಲ್ಲಿ ಈಗಲೂ ಇದೆ. 45 ನ್ಯಾನೊಮೀಟರ್ ತಂತ್ರದಲ್ಲಿ ಎರಡು 32 ಬಿಟ್ ದಶಮಾಂಶ ಸಂಖ್ಯೆ ಕೂಡಲು 0.9 ಪೈಕೊಜೂಲ್ ಸಾಕು. ಡಿರಾಮ್‌ನಿಂದ, ಅಂದರೆ ರಾಮ್ ಸ್ಟಿಕ್‌ನಲ್ಲಿರುವ ಮೆಮೊರಿಯಿಂದ, ಒಂದು ಸಲ ಓದಲು 1300ರಿಂದ 2600 ಪೈಕೊಜೂಲ್ ಬೇಕು. ಲೆಕ್ಕ ಮಾಡುವುದು ಅಗ್ಗ, ಲೆಕ್ಕಕ್ಕೆ ಬೇಕಾದದ್ದನ್ನು ತರುವುದು ದುಬಾರಿ.

ಹಾಗಾದರೆ ಕ್ಯಾಶನ್ನು ಮೊದಲೇ ದೊಡ್ಡದು ಮಾಡಬಹುದಿತ್ತಲ್ಲ? ಇಲ್ಲೇ ಇರುವುದು ಸ್ವಾರಸ್ಯ. ಕ್ಯಾಶ್ ಎಸ್‌ರಾಮ್ ಅನ್ನುವ ವೇಗದ ಬಗೆಯ ಮೆಮೊರಿಯಿಂದ ಆಗುತ್ತದೆ. ಒಂದೊಂದು ಬಿಟ್‌ಗೂ ಆರು ಟ್ರಾನ್ಸಿಸ್ಟರ್. 64 ಎಂಬಿ ಅಂದರೆ 53 ಕೋಟಿಗೂ ಜಾಸ್ತಿ ಬಿಟ್. ಆರರಿಂದ ಗುಣಿಸಿದರೆ 320 ಕೋಟಿ ಟ್ರಾನ್ಸಿಸ್ಟರ್ ಬರೀ ಕೋಶಗಳಿಗೇ ಆಯಿತು. ವಿಳಾಸ ಹುಡುಕುವ, ತಪ್ಪು ತಿದ್ದುವ ಸರ್ಕ್ಯೂಟ್ ಬೇರೆ. ಎಂಟು ಕೋರ್‌ಗಳ ಮೂಲ ಚಿಪ್ ಇರುವುದೇ ಸುಮಾರು 81 ಚದರ ಮಿಲಿಮೀಟರ್. ಮೇಲೆ ಕೂರಿಸಿದ ಕ್ಯಾಶ್ ಚಿಪ್ 41. ಪಕ್ಕದಲ್ಲೇ ಇಟ್ಟಿದ್ದರೆ ಚಿಪ್ ಅರ್ಧದಷ್ಟು ಹಿಗ್ಗಬೇಕಿತ್ತು. ಚಿಪ್ ದೊಡ್ಡದಾದಷ್ಟೂ ಒಂದು ವೇಫರ್‌ನಲ್ಲಿ (ಚಿಪ್‌ಗಳನ್ನು ಕತ್ತರಿಸಿ ತೆಗೆಯುವ ಸಿಲಿಕಾನ್ ತಟ್ಟೆಯಲ್ಲಿ) ಕಮ್ಮಿ ಸಿಗುತ್ತವೆ, ದೋಷ ಹೊಡೆಯುವ ಸಾಧ್ಯತೆ ಜಾಸ್ತಿ, ಮತ್ತು ಆ ಕಡೆಯ ಕ್ಯಾಶ್ ಈ ಕಡೆಯ ಕೋರ್‌ಗೆ ದೂರ.

ಟ್ರಾನ್ಸಿಸ್ಟರ್ ಸಣ್ಣದಾದ ಹಾಗೆ ಕ್ಯಾಶ್ ಕೂಡ ಸಣ್ಣದಾಗುತ್ತದಲ್ಲ ಅಂತ ಕೇಳಬಹುದು. ಬಹಳ ಕಾಲ ಆಗುತ್ತಿತ್ತು. ಈಗ ಆಗುತ್ತಿಲ್ಲ. ಈ ಚಿಪ್‌ಗಳನ್ನು ತಯಾರಿಸುವ ಟಿಎಸ್‌ಎಂಸಿ ಕಂಪನಿಯ 5 ನ್ಯಾನೊಮೀಟರ್ ತಂತ್ರದಲ್ಲಿ ಒಂದು ಎಸ್‌ರಾಮ್ ಕೋಶ 0.021 ಚದರ ಮೈಕ್ರಾನ್. ಅದರ ಮುಂದಿನ 3 ನ್ಯಾನೊಮೀಟರ್ ಪೀಳಿಗೆಯ ಎನ್3ಇ ಆವೃತ್ತಿಯಲ್ಲೂ 0.021. ಒಂದು ಪೀಳಿಗೆ ಮುಂದೆ ಹೋದರೂ ಕೂದಲಷ್ಟೂ ಕುಗ್ಗಲಿಲ್ಲ. ಅದೇ ಹೊತ್ತಿಗೆ ಲಾಜಿಕ್ ಸರ್ಕ್ಯೂಟ್‌ಗಳ ಸಾಂದ್ರತೆ ಸುಮಾರು 1.6 ಪಟ್ಟು ಏರಿದೆ. ಹೊಸ ತಂತ್ರದ ದುಬಾರಿ ವೇಫರ್ ಮೇಲೆ ಕ್ಯಾಶ್ ತುಂಬುವುದೆಂದರೆ ಲಾಭವಿಲ್ಲದ ವ್ಯಾಪಾರ. ಹಾಗಾಗಿ ಕೋರ್‌ಗಳನ್ನು ಹೊಸ ತಂತ್ರದಲ್ಲಿ ಮಾಡು, ಕ್ಯಾಶನ್ನು ಹಳೆಯ ಅಗ್ಗದ ತಂತ್ರದಲ್ಲಿ ಬೇರೆ ಮಾಡಿ ಮೇಲೋ ಕೆಳಗೋ ಅಂಟಿಸು. 5800ಎಕ್ಸ್3ಡಿಯಲ್ಲಿ ಎರಡೂ 7 ನ್ಯಾನೊಮೀಟರ್. ಮುಂದೆ 2023ರಲ್ಲಿ ಬಂದ 7800ಎಕ್ಸ್3ಡಿಯಲ್ಲಿ ಕೋರ್‌ಗಳು 5ಕ್ಕೆ ಹೋದವು, ಮೇಲಿನ ಕ್ಯಾಶ್ 7ರಲ್ಲೇ ಉಳಿಯಿತು. ಈ ಒಂದು ಸಂಗತಿ ನನಗೆ ಯಾವ ಕಂಪನಿಯ ರೋಡ್‌ಮ್ಯಾಪ್‌ಗಿಂತಲೂ ಜಾಸ್ತಿ ಹೇಳುತ್ತದೆ.

ಅಂಟಿಸುವುದು ಅಂತ ಸುಲಭವಾಗಿ ಹೇಳಿಬಿಟ್ಟೆ. ಅಲ್ಲಿ ಅಂಟೂ ಇಲ್ಲ, ಬೆಸುಗೆಯ ಗುಂಡೂ ಇಲ್ಲ. ಕೆಳಗಿನ ಚಿಪ್‌ನಲ್ಲಿ ಸಿಲಿಕಾನ್ ಕೊರೆದು ತಾಮ್ರದ ಕಂಬಗಳನ್ನು ಮೇಲಕ್ಕೆ ತಂದಿದ್ದಾರೆ. ಮೇಲಿನ ಚಿಪ್‌ನ ತಾಮ್ರ ಮತ್ತು ಕೆಳಗಿನ ಚಿಪ್‌ನ ತಾಮ್ರ ನೇರವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಒಂದು ಸೇರುವ ಬಿಂದುವಿನಿಂದ ಇನ್ನೊಂದಕ್ಕೆ 9 ಮೈಕ್ರಾನ್. ಎರಡೂ ಮೇಲ್ಮೈ ಅಷ್ಟು ನುಣುಪಾಗಿರಬೇಕು, ಅಷ್ಟು ಸ್ವಚ್ಛ ಇರಬೇಕು. ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಮುಗಿಯಿತು. ಮೈಕ್ರೊಬಂಪ್ (ಬೆಸುಗೆಯ ಪುಟ್ಟ ಗುಂಡುಗಳು) ಬಳಸುವ ಮೂರು ಆಯಾಮದ ಜೋಡಣೆಗಿಂತ 15 ಪಟ್ಟು ಜಾಸ್ತಿ ಸಂಪರ್ಕ ಸಿಗುತ್ತದೆ ಅಂತ ಎಎಂಡಿ ಹೇಳಿಕೊಂಡಿದೆ. ಎತ್ತರ ಜಾಸ್ತಿಯಾಗದಿರಲೆಂದು ಚಿಪ್‌ಗಳನ್ನು ಉಜ್ಜಿ ತೆಳ್ಳಗೆ ಮಾಡುತ್ತಾರೆ. ಕ್ಯಾಶ್ ಚಿಪ್ ಮಧ್ಯದಲ್ಲಿ, ಕೆಳಗಿನ ಎಲ್3ಯ ನೆತ್ತಿಯ ಮೇಲೆ ಮಾತ್ರ ಕೂರುತ್ತದೆ. ಅಕ್ಕಪಕ್ಕದ ಕೋರ್‌ಗಳ ಮೇಲೆ ಖಾಲಿ ಸಿಲಿಕಾನ್ ತುಂಡು ಇಟ್ಟು ಮಟ್ಟ ಮಾಡಿದ್ದಾರೆ. ಹಾಗಾಗಿ ಹೊರಗಿನಿಂದ ನೋಡಿದರೆ ಅಣ್ಣನಿಗೂ ತಮ್ಮನಿಗೂ ಮುಚ್ಚಳದ ಮೇಲಿನ ಅಕ್ಷರ ಬಿಟ್ಟು ಏನೂ ವ್ಯತ್ಯಾಸ ಕಾಣುವುದಿಲ್ಲ. ಮಜಾ ಏನೆಂದರೆ, ಮಾಮೂಲಿ ಝೆನ್ 3 ಚಿಪ್‌ಗಳಲ್ಲೂ ಈ ಕಂಬಗಳಿಗೆ ಜಾಗ ಮೊದಲೇ ಬಿಟ್ಟಿದ್ದರು. ಮುಂದೆ ಮಹಡಿ ಎಬ್ಬಿಸುವ ಯೋಚನೆ ಅಡಿಪಾಯ ಹಾಕುವಾಗಲೇ ಇತ್ತು.

ಈಗ ಕೊರತೆಗಳಿಗೆ ಬರೋಣ.

ಮೊದಲನೆಯದು ಬಿಸಿ. ಕೋರ್‌ಗಳ ಬಿಸಿ ಮೇಲಕ್ಕೆ ಹೋಗಬೇಕು, ಆದರೆ ತಲೆ ಮೇಲೆ ಇನ್ನೊಂದು ಪದರ ಸಿಲಿಕಾನ್ ಕೂತಿದೆ. 5800ಎಕ್ಸ್‌ನಲ್ಲೇ ಸಣ್ಣ ಜಾಗದಿಂದ ಜಾಸ್ತಿ ಬಿಸಿ ಬರುತ್ತಿತ್ತು, ಇಲ್ಲಿ ಅದರ ಮೇಲೆ ಕಂಬಳಿ ಹೊದಿಸಿದ ಹಾಗೆ. ಉಷ್ಣತೆಯ ಮಿತಿ 90 ಡಿಗ್ರಿ. ನನ್ನ ಅನುಭವದಲ್ಲಿ ಸಿಮ್ಯುಲೇಶನ್ ಓಡುವಾಗ ಚಿಪ್ ತಣ್ಣಗೇ ಇರುತ್ತದೆ. ಆದರೆ ಅದಕ್ಕೂ ಮೊದಲು ವೆರಿಲೇಟರ್ ಹುಟ್ಟಿಸಿದ ರಾಶಿ ಸಿ++ ಫೈಲ್‌ಗಳನ್ನು ಎಂಟೂ ಕೋರ್‌ನಲ್ಲಿ ಕಂಪೈಲ್ ಮಾಡುವಾಗ ಕ್ಷಣದಲ್ಲಿ 80 ದಾಟುತ್ತದೆ. ಫ್ಯಾನ್ ಒಮ್ಮೆಲೇ ಕೂಗಿ ಮತ್ತೆ ಸುಮ್ಮನಾಗುತ್ತದೆ. ಇದು ಕಿರಿಕಿರಿ. ಬಯಾಸ್‌ನಲ್ಲಿ (ಮೆಷಿನ್ ಆನ್ ಆಗುವಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್‌ನಲ್ಲಿ) ಫ್ಯಾನ್ ಏರುವುದಕ್ಕೆ ಕೆಲವು ಸೆಕೆಂಡ್ ತಡ ಇಟ್ಟರೆ ಸರಿಹೋಗುತ್ತದೆ. ಕೂಲರ್ ವಿಷಯದಲ್ಲಿ ಮಾತ್ರ ಕಂಜೂಸುತನ ಬೇಡ. ಡಬ್ಬದ ಜೊತೆ ಕೂಲರ್ ಬರುವುದಿಲ್ಲ, ಬೇರೆ ತರಲೇಬೇಕು.

ಓವರ್‌ಕ್ಲಾಕ್‌ಗೆ ಬೀಗ ಹಾಕಿದ್ದು ಇದೇ ಮಹಡಿಯ ದೆಸೆಯಿಂದ. ಮೇಲಿನ ಕ್ಯಾಶ್ ಚಿಪ್ ಜಾಸ್ತಿ ವೋಲ್ಟೇಜ್ ತಡೆಯುವುದಿಲ್ಲ, 1.35 ವೋಲ್ಟ್‌ಗೇ ಮಿತಿ. ನನಗೆ ಇದರಿಂದ ನಷ್ಟ ಇಲ್ಲ. ಕ್ಲಾಕ್ ತಿರುಚುತ್ತಾ ಕೂರುವ ಖುಷಿ ಇರುವವರು ಬೇರೆ ಚಿಪ್ ನೋಡಿಕೊಳ್ಳುವುದು ಒಳ್ಳೆಯದು. ಕೆಲವು ಬೋರ್ಡ್‌ಗಳ ಬಯಾಸ್‌ನಲ್ಲಿ ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಸರ್ ಸಿಗುತ್ತದೆ. ವೋಲ್ಟೇಜ್ ಸ್ವಲ್ಪ ಇಳಿಸಿದರೆ ಬಿಸಿಯೂ ಇಳಿಯುತ್ತದೆ, ಬೂಸ್ಟ್ ಕೂಡ ಜಾಸ್ತಿ ಹೊತ್ತು ನಿಲ್ಲುತ್ತದೆ. ಆದರೆ ಇಳಿಸಿದ ಮೇಲೆ ಒಂದು ದೊಡ್ಡ ರನ್ ಹಾಕಿ ಪರೀಕ್ಷಿಸಿ. ಸಿಮ್ಯುಲೇಶನ್‌ನಲ್ಲಿ ಒಂದು ಬಿಟ್ ಹೆಚ್ಚುಕಮ್ಮಿ ಆದರೆ, ಡಿಸೈನ್‌ನಲ್ಲಿ ಬಗ್ ಇದೆಯೋ ಮೆಷಿನ್‌ನಲ್ಲಿ ಇದೆಯೋ ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಗ್ರಾಫಿಕ್ಸ್ ಒಳಗಿಲ್ಲ. ಪ್ರತ್ಯೇಕ ಕಾರ್ಡ್ ಇಲ್ಲದೆ ಪರದೆ ಬೆಳಗುವುದಿಲ್ಲ.

ಇನ್ನು ಎಲ್ಲ ಕೆಲಸಕ್ಕೂ ಇದು ವೇಗ ಅಂತ ಅಂದುಕೊಳ್ಳಬೇಡಿ. ವಿಡಿಯೊ ಎನ್‌ಕೋಡ್, ರೆಂಡರಿಂಗ್ ಥರದ ಕೆಲಸಗಳಲ್ಲಿ ಡೇಟಾ ಸಾಲಾಗಿ ಬರುತ್ತದೆ, ಸಾಲಾಗಿ ಹೋಗುತ್ತದೆ. ಮುಂದೆ ಏನು ಬೇಕು ಅಂತ ಪ್ರೊಸೆಸರ್ ಮೊದಲೇ ಊಹಿಸಿ ತರಿಸಿಕೊಂಡಿರುತ್ತದೆ. ಅಲ್ಲಿ ಕ್ಯಾಶ್ ಎಷ್ಟಿದ್ದರೇನು? ಕ್ಲಾಕ್ ಜಾಸ್ತಿ ಇರುವ 5800ಎಕ್ಸ್ ಅಲ್ಲಿ ಒಂದು ಹೆಜ್ಜೆ ಮುಂದೆ. ಗೇಮ್‌ಗಳಲ್ಲಿ ಮತ್ತೆ ಕಥೆ ಬೇರೆ. ಫ್ಲೈಟ್ ಸಿಮ್ಯುಲೇಟರ್ ಥರದ, ಸಾವಿರಾರು ವಸ್ತುಗಳ ಸ್ಥಿತಿಯನ್ನು ಪ್ರತಿ ಫ್ರೇಮ್‌ಗೂ ತಡಕುವ ಆಟಗಳಲ್ಲಿ ಈ ಚಿಪ್ ಎದ್ದು ಕಾಣುತ್ತದೆ. ಜನ ಇದನ್ನು ಕೊಂಡದ್ದೂ ಮುಖ್ಯವಾಗಿ ಅದಕ್ಕೇ. ನಾನು ಆಟ ಆಡುವುದು ಕಮ್ಮಿ, ಅದನ್ನು ಬಲ್ಲವರು ಬಣ್ಣಬಣ್ಣದ ಪಟ್ಟಿ ಹಾಕಿ ಬೇಕಾದಷ್ಟು ತೋರಿಸಿದ್ದಾರೆ. ಆ ಪಟ್ಟಿಗಳ ಮೇಲೆ ನನಗೊಂದು ಸಿಟ್ಟಿದೆ. ಇಪ್ಪತ್ತು ಗೇಮ್‌ನ ಸರಾಸರಿ ತೆಗೆದು ಒಂದೇ ಅಂಕಿ ಕೊಡುತ್ತಾರೆ. ಈ ಚಿಪ್‌ಗೆ ಸರಾಸರಿ ಅನ್ನುವುದೇ ಅರ್ಥವಿಲ್ಲದ್ದು. ನಿಮ್ಮ ಕೆಲಸ 32 ಎಂಬಿ ಒಳಗೆ ಮುಗಿಯುತ್ತದೆಯೇ, 32ರಿಂದ 96ರ ನಡುವೆ ಬೀಳುತ್ತದೆಯೇ, 96ನ್ನೂ ದಾಟಿ ಎಲ್ಲಿಗೋ ಹೋಗುತ್ತದೆಯೇ? ನಡುವೆ ಬಿದ್ದವರಿಗೆ ಮಾತ್ರ ಹಬ್ಬ.

ಇನ್ನೊಂದು ಬೆಲೆ ತೆರಬೇಕಾದದ್ದು ತುಂಡು ತುಂಡು ಡಿಸೈನ್‌ಗೆ. ಈ ಪ್ಯಾಕೇಜ್ ಒಳಗೆ ಕೋರ್‌ಗಳದ್ದೊಂದು ಚಿಪ್ಲೆಟ್, ಅಂದರೆ ಸಣ್ಣ ಚಿಪ್ ತುಂಡು; ರಾಮ್ ಮತ್ತು ಪಿಸಿಐಗೆ ಸಂಪರ್ಕ ಕೊಡುವ ಐಒ ಚಿಪ್ಲೆಟ್ ಇನ್ನೊಂದು. ಐಒ ಚಿಪ್ಲೆಟ್ ಗ್ಲೋಬಲ್‌ಫೌಂಡ್ರೀಸ್‌ನ 12 ನ್ಯಾನೊಮೀಟರ್‌ನಲ್ಲಿ ಆಗಿದ್ದು. ತಯಾರಿಕೆಗೆ ಇದು ಜಾಣತನ. ಸಣ್ಣ ತುಂಡುಗಳಲ್ಲಿ ಹಾಳಾಗುವುದು ಕಮ್ಮಿ, ಒಂದೇ ತುಂಡನ್ನು ಡೆಸ್ಕ್‌ಟಾಪ್‌ಗೂ ಸರ್ವರ್‌ಗೂ ಬಳಸಬಹುದು. ಗಾರ್ಡನ್ ಮೂರ್ 1965ರಲ್ಲಿ ಟ್ರಾನ್ಸಿಸ್ಟರ್ ಸಂಖ್ಯೆ ದುಪ್ಪಟ್ಟಾಗುವ ಮಾತು ಹೇಳಿದ ಅದೇ ಲೇಖನದಲ್ಲಿ, ದೊಡ್ಡ ವ್ಯವಸ್ಥೆಯನ್ನು ಸಣ್ಣ ಸಣ್ಣ ಭಾಗಗಳಾಗಿ ಮಾಡಿ ಜೋಡಿಸುವುದು ಅಗ್ಗವಾಗಬಹುದು ಅಂತಲೂ ಬರೆದಿದ್ದರು. ಆ ಸಾಲನ್ನು ಜನ ಮರೆತೇಬಿಟ್ಟಿದ್ದರು. ಆದರೆ ತುಂಡುಗಳ ನಡುವೆ ಡೇಟಾ ಓಡಾಡುವುದಕ್ಕೂ ಕರೆಂಟ್ ಬೇಕು. ಹಾಗಾಗಿ ಸುಮ್ಮನೆ ಕೂತಾಗ ಇಂಥ ಚಿಪ್‌ಗಳು ಒಂದೇ ತುಂಡಿನ ಲ್ಯಾಪ್‌ಟಾಪ್ ಚಿಪ್‌ಗಿಂತ ಜಾಸ್ತಿ ಉಣ್ಣುತ್ತವೆ. ದಿನವಿಡೀ ಆನ್ ಇಡುವವರು ಇದನ್ನು ಗಮನಿಸಬೇಕು.

ಕೂರಿಸುವ ಕೆಲಸದ ಬಗ್ಗೆ ಎರಡು ಮಾತು. ಎಎಂ4 ಬೋರ್ಡ್ ಇದ್ದರೆ (ಎಎಂ4 ಅಂದರೆ ಈ ಚಿಪ್ ಕೂರುವ ಸಾಕೆಟ್) ಬಯಾಸ್ ಅಪ್‌ಡೇಟ್ ಮೊದಲು ಮಾಡಿ, ಹಳೆಯ ಚಿಪ್ ಇರುವಾಗಲೇ. ನನ್ನ ಬೋರ್ಡ್ ಮಾಡಿದವರ ಹೆಸರು ಹೇಳುವುದಿಲ್ಲ. ಅವರ ಅಪ್‌ಡೇಟ್ ನನ್ನ ಫ್ಯಾನ್ ಸೆಟ್ಟಿಂಗ್, ರಾಮ್ ಸ್ಪೀಡ್ ಎಲ್ಲ ಅಳಿಸಿಹಾಕಿ, ರಾಮ್ ಅನ್ನು ಕನಿಷ್ಠ ವೇಗದಲ್ಲಿ ಓಡಿಸುತ್ತಿತ್ತು. ಮೊದಲೇ ಫೋನಿನಲ್ಲಿ ಸೆಟ್ಟಿಂಗ್‌ಗಳ ಫೋಟೊ ತೆಗೆದಿಟ್ಟರೆ ಒಳ್ಳೆಯದು. ಇನ್ನೊಂದು, ಹಳೆಯ ಕೂಲರ್ ಬಿಚ್ಚುವಾಗ ಹುಷಾರು. ಎಎಂ4ನಲ್ಲಿ ಪಿನ್‌ಗಳಿರುವುದು ಚಿಪ್‌ನಲ್ಲಿ, ಸಾಕೆಟ್‌ನಲ್ಲಲ್ಲ. ಒಣಗಿದ ಥರ್ಮಲ್ ಪೇಸ್ಟ್ ಕೂಲರ್‌ಗೆ ಕಚ್ಚಿಕೊಂಡಿರುತ್ತದೆ. ನೇರ ಮೇಲಕ್ಕೆ ಎಳೆದರೆ ಲಿವರ್ ಹಾಕಿದ್ದರೂ ಚಿಪ್ ಸಮೇತ ಕಿತ್ತು ಬರುತ್ತದೆ. ಮೆಷಿನ್ ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿ, ಆಫ್ ಮಾಡಿ, ಕೂಲರ್ ಅನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತಾ ಬಿಡಿಸಿ.

ಮುಂದೆ ಏನಾಗುತ್ತಿದೆ ಅನ್ನುವುದನ್ನೂ ನೋಡಬೇಕು, ಯಾಕೆಂದರೆ ಈ ಚಿಪ್ ಈಗ ಆ ಸಾಲಿನ ಮೊದಲನೆಯದು, ಕೊನೆಯದಲ್ಲ. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಜೋಡಣೆಯನ್ನೇ ತಿರುಗಿಸಿಬಿಟ್ಟರು. ಕ್ಯಾಶ್ ಕೆಳಗೆ, ಕೋರ್‌ಗಳು ಮೇಲೆ. ಕೋರ್‌ಗೆ ಈಗ ಮುಚ್ಚಳ ನೇರ ತಾಗುವ ಹಾಗಾಯಿತು, ಬಿಸಿ ಸಲೀಸಾಗಿ ಹೋಗುತ್ತದೆ. ಬೇಸ್ 4.7, ಬೂಸ್ಟ್ 5.2, ಬೀಗವೂ ತೆಗೆದಾಯಿತು. ನಾನು ಮೇಲೆ ಹೇಳಿದ ದೂರುಗಳಲ್ಲಿ ದೊಡ್ಡವೆರಡು ಹೀಗೆ ಒಂದೇ ಏಟಿಗೆ ಹೋದವು. ಆದರೆ ಕರೆಂಟ್ ಮತ್ತು ಸಿಗ್ನಲ್ ಎಲ್ಲ ಈಗ ಕ್ಯಾಶ್ ಚಿಪ್ ಮೂಲಕವೇ ಮೇಲಕ್ಕೆ ಬರಬೇಕು. ಕೆಳಗಿನ ಚಿಪ್‌ನ ಡಿಸೈನ್ ಎಷ್ಟು ತ್ರಾಸು ಆಗಿರಬಹುದು ಅಂತ ಈ ಕೆಲಸದಲ್ಲಿರುವವರು ಊಹಿಸಬಲ್ಲರು.

ಎರಡು ಕೋರ್ ಚಿಪ್ಲೆಟ್ ಇರುವ 7950ಎಕ್ಸ್3ಡಿ ಥರದವು ನನಗೆ ಅಷ್ಟು ಹಿಡಿಸುವುದಿಲ್ಲ. ಒಂದು ಚಿಪ್ಲೆಟ್‌ಗೆ ಮಾತ್ರ ಹೆಚ್ಚಿನ ಕ್ಯಾಶ್, ಇನ್ನೊಂದಕ್ಕೆ ಕ್ಲಾಕ್ ಜಾಸ್ತಿ. ಯಾವ ಕೆಲಸ ಯಾವುದಕ್ಕೆ ಹೋಗಬೇಕು ಅಂತ ಆಪರೇಟಿಂಗ್ ಸಿಸ್ಟಂ ತೀರ್ಮಾನಿಸಬೇಕು, ಅದಕ್ಕೆ ಪ್ರತಿ ಸಲ ಸರಿಯಾಗಿ ಗೊತ್ತಾಗುವುದಿಲ್ಲ. ಲಿನಕ್ಸ್‌ನಲ್ಲಿ ಟಾಸ್ಕ್‌ಸೆಟ್ ಅನ್ನುವ ಕಮಾಂಡ್ ಹಾಕಿ ಕೆಲಸವನ್ನು ಬೇಕಾದ ಕೋರ್‌ಗಳಿಗೆ ನಾವೇ ಕಟ್ಟಿಹಾಕಬಹುದು, ಸರಿ. ಆದರೆ ಎಂಟು ಕೋರ್, ಒಂದೇ ಕ್ಯಾಶ್ ಅನ್ನುವ ಸರಳತೆಗೆ ಒಂದು ನೆಮ್ಮದಿ ಇದೆ.

ಬೇರೆಯವರೂ ಬೇರೆ ಬೇರೆ ದಾರಿಯಲ್ಲಿ ಇದೇ ಕಡೆ ಬರುತ್ತಿದ್ದಾರೆ. ಆಪಲ್ 2020ರ ಎಂ1ನಲ್ಲಿ ರಾಮ್ ಅನ್ನೇ ತಂದು ಪ್ರೊಸೆಸರ್ ಪ್ಯಾಕೇಜ್ ಮೇಲಿಟ್ಟಿತು. ಎಐ ಚಿಪ್‌ಗಳ ಪಕ್ಕದಲ್ಲಿ ಎಚ್‌ಬಿಎಂ ಅಂತ ಡಿರಾಮ್ ಪದರಗಳನ್ನು ಪೇರಿಸಿಡುತ್ತಾರೆ. ಇಂಟೆಲ್ 2023ರ ಕೊನೆಯಲ್ಲಿ ಮೀಟಿಯೊರ್ ಲೇಕ್‌ನಿಂದ ಲ್ಯಾಪ್‌ಟಾಪ್ ಚಿಪ್‌ಗಳನ್ನೂ ತುಂಡು ಮಾಡಿತು. ಸೆರೆಬ್ರಾಸ್ ಅನ್ನುವ ಎಐ ಚಿಪ್ ಕಂಪನಿ ಮಾತ್ರ ಉಲ್ಟಾ ಹೊರಟು ಇಡೀ ವೇಫರ್ ಅನ್ನೇ ಒಂದು ಚಿಪ್ ಮಾಡಿ, ಅದರ ಡಬ್ಲ್ಯುಎಸ್ಇ-2ನಲ್ಲಿ 40 ಜಿಬಿ ಎಸ್‌ರಾಮ್ ತುಂಬಿತು. ಅದನ್ನು ಮೇಜಿನ ಮೇಲಿಟ್ಟುಕೊಳ್ಳುವ ಆಸೆ ನನಗಂತೂ ಇಲ್ಲ. ಎಲ್ಲರ ತಲೆನೋವು ಮಾತ್ರ ಒಂದೇ: ಡೇಟಾ ದೂರ ಇದೆ, ಹತ್ತಿರ ತರಬೇಕು. ರಾಬರ್ಟ್ ಡೆನ್ನಾರ್ಡ್ 1974ರಲ್ಲಿ ತೋರಿಸಿದ ದಾರಿ, ಟ್ರಾನ್ಸಿಸ್ಟರ್ ಕುಗ್ಗಿಸಿ ವೋಲ್ಟೇಜ್ ಇಳಿಸು ಕ್ಲಾಕ್ ಏರಿಸು ಅನ್ನುವುದು, 2005ರ ಸುಮಾರಿಗೆ ಮುಚ್ಚಿತು. ಅಲ್ಲಿಂದ ಕೋರ್ ಹೆಚ್ಚಿಸುವ ಆಟ ನಡೆಯಿತು. ಈಗ ಕೋರ್‌ಗಳಿಗೆ ಮೇವು ಹೊಂದಿಸುವ ಆಟ.

ಯಾರು ಕೊಳ್ಳಬೇಕು? ಹಳೆಯ ಎಎಂ4 ಬೋರ್ಡ್, ಡಿಡಿಆರ್4 ರಾಮ್ ಇಟ್ಟುಕೊಂಡು, ಇನ್ನೂ ಕೆಲವು ವರ್ಷ ಅದರಲ್ಲೇ ದೂಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಕೊನೆಯ ಚಿಪ್ ಇಲ್ಲ. 2017ರಲ್ಲಿ ಮೊದಲ ರೈಜೆನ್‌ಗೆ ಅಂತ ಕೊಂಡ ಎಷ್ಟೋ ಬೋರ್ಡ್‌ಗಳಲ್ಲೂ ಬಯಾಸ್ ಇದ್ದರೆ ಇದು ಕೂರುತ್ತದೆ. ಡಿಡಿಆರ್4 ನಿಧಾನ ಅನ್ನುವ ಚಿಂತೆಯೂ ಕಮ್ಮಿಯಾಗುತ್ತದೆ, ರಾಮ್ ತನಕ ಹೋಗುವುದೇ ಅಪರೂಪವಾದಾಗ ರಾಮ್ ಸ್ಪೀಡ್ ಅಷ್ಟಾಗಿ ಕಾಡುವುದಿಲ್ಲ. ಹೊಸ ಮೆಷಿನ್ ಕಟ್ಟುವವರು ಮಾತ್ರ ಇದರ ತಂಟೆಗೆ ಬರಬೇಡಿ. ಅವರಿಗೆ ಎಎಂ4ರ ನಂತರದ ಸಾಕೆಟ್ ಎಎಂ5 ಮತ್ತು 9800ಎಕ್ಸ್3ಡಿ ಇದೆ. ಕೆಲಸಕ್ಕೆ ಕೊಳ್ಳುವವರು ಮೊದಲು ತಮ್ಮ ಪ್ರೋಗ್ರಾಂ ಮೇಲೆ ಪರ್ಫ್ ಓಡಿಸಲಿ. ಕ್ಯಾಶ್ ಮಿಸ್, ಅಂದರೆ ಬೇಕಾದದ್ದು ಕ್ಯಾಶ್‌ನಲ್ಲಿ ಸಿಗದೆ ಹೋಗುವುದು, ಕಮ್ಮಿ ಇದೆಯಾ? ಹಾಗಾದರೆ ಅದೇ ದುಡ್ಡಿಗೆ ಕೋರ್ ಜಾಸ್ತಿ ಇರುವ ಚಿಪ್ ನೋಡಿ.

ಹೊಸದು ಈಗ ಸುಲಭಕ್ಕೆ ಸಿಗುವುದಿಲ್ಲ. 2024ರ ಜನವರಿಯಲ್ಲಿ ಬಂದ 5700ಎಕ್ಸ್3ಡಿ ಸಿಕ್ಕಿದರೆ ಅದೂ ಆಗುತ್ತದೆ. ಕ್ಯಾಶ್ ಅದೇ 96 ಎಂಬಿ, ಬೂಸ್ಟ್ 4.1. ನನ್ನಂಥ ಕೆಲಸಕ್ಕೆ ಆ ವ್ಯತ್ಯಾಸ ದೊಡ್ಡದಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಚಿಪ್ ತಿರುಗಿಸಿ 1331 ಪಿನ್‌ಗಳ ಸಾಲನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ಒಂದು ಪಿನ್ ಬಾಗಿದ್ದರೂ ಸಾಲಿನಲ್ಲಿ ತಟ್ಟನೆ ಕಾಣುತ್ತದೆ. ಹಾಗೆಯೇ ಮೆಷಿನ್‌ಗೆ ಹಾಕಿಸಿ ಎಲ್3 ಎಷ್ಟು ತೋರಿಸುತ್ತದೆ ಅಂತ ಕಣ್ಣಾರೆ ನೋಡಿಯೇ ದುಡ್ಡು ಕೊಡಿ. 96 ಅಂತ ಇರಬೇಕು.